ದೂರದ ಲಿನಕ್ಸ್ ಸರ್ವರ್‌ನಲ್ಲಿರೋ ವಿಎಂಗಳನ್ನ ಮನೇಲಿ ಕೂತು ನೋಡ್ಕೊಳ್ಳೋದು ಹೆಂಗೆ

ಸರ್ವರ್ ಇರೋದು ಬೆಂಗಳೂರಲ್ಲಿ, ನಾನಿರೋದು ತೀರ್ಥಹಳ್ಳಿ ಹತ್ರ ಒಂದು ಊರಲ್ಲಿ. ಮಳೆ ಹಿಡಿದ್ರೆ ಇಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ಹೇಳೋಕಾಗಲ್ಲ, ನೆಟ್ ಕಥೆ ಅಂತೂ ಕೇಳ್ಲೇಬೇಡಿ, ಆದ್ರೂ ಆ ಒಂದು ಮಷೀನಿನೊಳಗಿರೋ 14 ವಿಎಂಗಳನ್ನ (ವರ್ಚುವಲ್ ಮಷೀನ್, ಅಂದ್ರೆ ಕಂಪ್ಯೂಟರೊಳಗೆ ಸಾಫ್ಟ್‌ವೇರ್‌ನಲ್ಲೇ ಓಡೋ ಇನ್ನೊಂದು ಕಂಪ್ಯೂಟರ್) ಮೂರು ವರ್ಷದಿಂದ ಜಗಲಿ ಮೇಲೆ ಕೂತೇ ನೋಡ್ಕೋತಿದ್ದೀನಿ. ಒಂದೇ ಒಂದು ಸಲ ಮಾತ್ರ ಅದಕ್ಕೋಸ್ಕರ ರಾತ್ರಿ ಬಸ್ ಹತ್ತಿದ್ದು, ಆ ಕಥೆ ಮುಂದೆ ಬರುತ್ತೆ.

ಕಮಾಂಡ್‌ಗಳನ್ನ ಫೋನಲ್ಲಿ ಹೇಳಿಕೊಟ್ಟಂಗೆ ಕನ್ನಡದಲ್ಲೇ ಬರೀತೀನಿ, ಟರ್ಮಿನಲ್‌ನಲ್ಲಿ ಹೊಡೆಯುವಾಗ ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ. ಪದೇ ಪದೇ ಬರೋ ಟೂಲ್ ಹೆಸರು ವಿರ್ಶ್, ಸ್ಪೆಲ್ಲಿಂಗ್ ವಿ-ಐ-ಆರ್-ಎಸ್-ಎಚ್. ಅದು ಮಾತಾಡೋದು ಲಿಬ್‌ವಿರ್ಟ್ ಜೊತೆ, ಎಲ್-ಐ-ಬಿ-ವಿ-ಐ-ಆರ್-ಟಿ, ಕೊನೇಲಿ ಟಿ ಇದೆ ಮರೀಬೇಡಿ.

ನಾನು ಹೇಳ್ತಿರೋದು ಕೆವಿಎಂ ಬಗ್ಗೆ, ಅಂದ್ರೆ ಲಿನಕ್ಸ್‌ನಲ್ಲಿ ವಿಎಂ ಓಡಿಸೋ ವ್ಯವಸ್ಥೆ. 2007ರಲ್ಲಿ ಬಂದ ಲಿನಕ್ಸ್ ಕರ್ನಲ್ 2.6.20ರಿಂದ ಇದು ಕರ್ನಲ್ ಒಳಗೇ ಇದೆ, ಹಂಗಾಗಿ ದುಡ್ಡು ಕೊಟ್ಟು ಬೇರೇನೂ ತಗೋಬೇಕಾಗಿಲ್ಲ. ಕೆವಿಎಂ ಸಿಪಿಯು ಕೆಲಸ ನೋಡ್ಕೊಳ್ಳುತ್ತೆ, ಕ್ಯೂಇಎಂಯು ಅನ್ನೋದು ಡಿಸ್ಕು ನೆಟ್‌ವರ್ಕ್ ಕಾರ್ಡು ಎಲ್ಲ ಇದ್ದಂಗೆ ವಿಎಂಗೆ ತೋರಿಸುತ್ತೆ, ಇವೆರಡರ ಮೇಲೆ ಕೂತು ಮೇಸ್ತ್ರಿ ಕೆಲಸ ಮಾಡೋದು ಲಿಬ್‌ವಿರ್ಟ್. ಮೇಸ್ತ್ರಿ ಇರೋದು ಸರ್ವರ್‌ನಲ್ಲಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿರೋ ವಿರ್ಶ್ ಅವನಿಗೆ ಫೋನ್ ಮಾಡಿ ಕೆಲಸ ಹೇಳುತ್ತೆ ಅಷ್ಟೆ. ಮಧ್ಯ ಇರೋ ಒಂದೇ ಹಗ್ಗ ಎಸ್‌ಎಸ್‌ಎಚ್, ಅಂದ್ರೆ ದೂರದ ಮಷೀನಿಗೆ ಸುರಕ್ಷಿತವಾಗಿ ಲಾಗಿನ್ ಆಗೋ ದಾರಿ. ಆ ಹಗ್ಗ ಕಡಿದೋಯ್ತು ಅಂದ್ರೆ ಒಳಗಿನ ವಿಎಂ ಎಲ್ಲ ಆರಾಮಾಗಿ ಓಡ್ತಾನೇ ಇರುತ್ತೆ, ನೀವು ಮಾತ್ರ ಹೊರಗೆ ನಿಂತು ಬಾಗಿಲು ತಟ್ಟಬೇಕು.

ಸರ್ವರ್ ಕಡೆ ತಯಾರಿ ದೊಡ್ಡದೇನಿಲ್ಲ. ಡೆಬಿಯನ್ ಉಬುಂಟು ಆದ್ರೆ ಲಿಬ್‌ವಿರ್ಟ್-ಡೀಮನ್-ಸಿಸ್ಟಮ್, ಲಿಬ್‌ವಿರ್ಟ್-ಕ್ಲೈಂಟ್ಸ್, ವಿರ್ಟ್‌ಇನ್‌ಸ್ಟ್ ಅನ್ನೋ ಪ್ಯಾಕೇಜುಗಳನ್ನ ಆಪ್ಟ್‌ನಲ್ಲಿ ಹಾಕಿ, ಕ್ಯೂಇಎಂಯು ಬಂದಿಲ್ಲ ಅಂದ್ರೆ ಅದನ್ನೂ ಹಾಕಿ. ಆಮೇಲೆ ವಿರ್ಟ್-ಹೋಸ್ಟ್-ವ್ಯಾಲಿಡೇಟ್ ಅಂತ ಒಂದು ಸಲ ಹೊಡೀರಿ, ಸಿಪಿಯುನಲ್ಲಿ ವರ್ಚುವಲೈಸೇಶನ್ ಬಯೋಸ್‌ನಲ್ಲೇ ಆಫ್ ಆಗಿದ್ರೆ ಅಲ್ಲೇ ಗೊತ್ತಾಗುತ್ತೆ. ನಿಮ್ಮ ಯೂಸರ್‌ನ ಲಿಬ್‌ವಿರ್ಟ್ ಗ್ರೂಪಿಗೆ ಸೇರಿಸಿ, ಅಂದ್ರೆ ಸುಡೋ ಯೂಸರ್‌ಮಾಡ್ -ಎಜಿ, ಇದರಲ್ಲಿ ಎ ಸಣ್ಣದು ಜಿ ದೊಡ್ಡದು, ಆಮೇಲೆ ಲಿಬ್‌ವಿರ್ಟ್, ಆಮೇಲೆ ನಿಮ್ಮ ಯೂಸರ್ ಹೆಸರು, ಮುಗೀತು, ಲಾಗೌಟ್ ಆಗಿ ಮತ್ತೆ ಬನ್ನಿ. ಆದ್ರೆ ಈ ಗ್ರೂಪಿಗೆ ಸೇರಿಸೋದು ಅಂದ್ರೆ ರೂಟ್ (ಸರ್ವರ್‌ನ ಯಜಮಾನ ಯೂಸರ್) ಕೀಲಿಕೈ ಕೊಟ್ಟಂಗೇ ಲೆಕ್ಕ, ಯಾಕಂದ್ರೆ ಹೋಸ್ಟ್‌ನ, ಅಂದ್ರೆ ವಿಎಂಗಳನ್ನ ಹೊತ್ತಿರೋ ಆ ಸರ್ವರ್‌ನ, ಯಾವ ಡಿಸ್ಕನ್ನಾದ್ರೂ ಒಂದು ವಿಎಂಗೆ ತಗುಲಿಸಿ ಒಳಗಿಂದ ಓದಬಹುದು. ಹೊಸದಾಗಿ ಸೇರಿದ ಹುಡುಗನಿಗೆ "ಬರೀ ವಿಎಂ ಆನ್ ಆಫ್ ಮಾಡ್ಲಿ ಬಿಡು" ಅಂತ ಇದನ್ನ ಕೊಡೋ ಮುಂಚೆ ಯೋಚ್ನೆ ಮಾಡಿ.

ಈಗ ಲ್ಯಾಪ್‌ಟಾಪ್ ಕಡೆ. ಪಾಸ್‌ವರ್ಡ್ ಬಿಡಿ, ಕೀ ಮಾಡ್ಕೊಳ್ಳಿ. ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519, ಅದಾದ್ಮೇಲೆ ಎಸ್‌ಎಸ್‌ಎಚ್-ಕಾಪಿ-ಐಡಿ. ಕೀ ಇಲ್ದೆ ವಿರ್ಟ್-ಮ್ಯಾನೇಜರ್ (ವಿಎಂಗಳನ್ನ ಮೌಸ್‌ನಲ್ಲೇ ನೋಡ್ಕೊಳ್ಳೋ ಪ್ರೋಗ್ರಾಂ) ಓಪನ್ ಮಾಡಿದ್ರೆ ಅದು ಪಾಸ್‌ವರ್ಡ್ ಕೇಳಿ ಕೇಳಿ ತಲೆ ತಿನ್ನುತ್ತೆ, ಒಂದು ವಿಎಂ ಸ್ಕ್ರೀನ್ ತೆಗೆದ್ರೆ ಇನ್ನೊಂದು ಸಲ ಕೇಳುತ್ತೆ, ಪ್ರತಿಯೊಂದಕ್ಕೂ ಅದು ಹೊಸ ಕನೆಕ್ಷನ್ ತೆಗೆಯೋದೇ ಕಾರಣ. ನಮ್ಮಂಗೆ ನೆಟ್ ನಿಧಾನ ಇರೋರು ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಲ್ಲಿ ಇನ್ನೂ ಎರಡು ವಿಷಯ ಹಾಕ್ಕೋಬೇಕು. ಒಂದು ಕಂಟ್ರೋಲ್‌ಮಾಸ್ಟರ್ ಆಟೋ, ಅದರ ಜೊತೆ ಕಂಟ್ರೋಲ್‌ಪಾತ್ ಮತ್ತೆ ಕಂಟ್ರೋಲ್‌ಪರ್ಸಿಸ್ಟ್ 10ಎಂ, ಇದರಿಂದ ಮೊದಲನೇ ಕನೆಕ್ಷನ್ ಒಂದೇ ತಡ ಆಗುತ್ತೆ, ಆಮೇಲಿನವೆಲ್ಲ ಅದರ ಬೆನ್ನ ಮೇಲೇ ಹೋಗ್ತವೆ. ಇನ್ನೊಂದು ಸರ್ವರ್‌ಅಲೈವ್‌ಇಂಟರ್ವಲ್ 30, ಇಲ್ಲಾಂದ್ರೆ ಕಾಫಿ ಕುಡಿದು ಬರೋ ಅಷ್ಟರಲ್ಲಿ ಟರ್ಮಿನಲ್ ಸತ್ತು ಬಿದ್ದಿರುತ್ತೆ.

ಕನೆಕ್ಟ್ ಆಗೋದು ಹಿಂಗೆ:

ವಿರ್ಶ್ -ಸಿ ಕ್ಯೂಇಎಂಯು+ಎಸ್‌ಎಸ್‌ಎಚ್://ಯೂಸರ್@ಸರ್ವರ್/ಸಿಸ್ಟಮ್ ಲಿಸ್ಟ್ --ಆಲ್

ಕೊನೇಲಿರೋ ಆ ಸಿಸ್ಟಮ್ ಅನ್ನೋ ಪದ ಬಿಟ್ರೆ ಕೆಟ್ಟಿರಿ. ಲಿಬ್‌ವಿರ್ಟ್‌ನಲ್ಲಿ ಸಿಸ್ಟಮ್ ಅಂತ ಒಂದು ಮನೆ, ಸೆಶನ್ ಅಂತ ಇನ್ನೊಂದು ಮನೆ. ಸರ್ವರ್‌ನಲ್ಲಿ ಓಡೋ ವಿಎಂಗಳೆಲ್ಲ ಸಾಮಾನ್ಯವಾಗಿ ಸಿಸ್ಟಮ್ ಮನೇಲಿರ್ತವೆ, ಸೆಶನ್ ಅನ್ನೋದು ಆಯಾ ಯೂಸರ್‌ನ ಸ್ವಂತದ್ದು. ಡೆಬಿಯನ್ ಫೆಡೋರಾದಲ್ಲಿ ಸಾಮಾನ್ಯ ಯೂಸರ್ ಆಗಿ ಬರೀ ವಿರ್ಶ್ ಲಿಸ್ಟ್ ಹೊಡೆದ್ರೆ ಅದು ಸೆಶನ್ ಮನೆ ಬಾಗಿಲು ತೆಗೆದು ಖಾಲಿ ಪಟ್ಟಿ ತೋರಿಸುತ್ತೆ. ಮೊದಲನೇ ಸಲ ಅದನ್ನ ನೋಡಿ ನನಗೆ ಬೆವರು ಬಂದಿತ್ತು, 14 ವಿಎಂ ಮಾಯ! ಎಲ್ಲೂ ಹೋಗಿರಲ್ಲ, ನೀವು ಪಕ್ಕದ್ಮನೆಗೆ ಹೋಗಿರ್ತೀರಿ ಅಷ್ಟೆ. ಇನ್ನು ಲಿಸ್ಟ್ ಜೊತೆ ಆಲ್ ಹಾಕ್ಲಿಲ್ಲ ಅಂದ್ರೆ ಓಡ್ತಿರೋವು ಮಾತ್ರ ಕಾಣ್ತವೆ, ಆಫ್ ಆಗಿರೋವು ಕಾಣಲ್ಲ, ಅದೂ ಒಂದು ಹೆದರಿಕೆ.

ಅಷ್ಟುದ್ದ ವಿಳಾಸ ದಿನಾ ಯಾರು ಹೊಡೀತಾರೆ ಅಂತ ಕೆಲವರು ಲಿಬ್‌ವಿರ್ಟ್_ಡೀಫಾಲ್ಟ್_ಯುಆರ್‌ಐ ಅನ್ನೋ ವೇರಿಯಬಲ್‌ನ ಬ್ಯಾಶ್‌ಆರ್‌ಸಿಲಿ ಹಾಕಿಟ್ಬಿಡ್ತಾರೆ, ಇದಕ್ಕೆ ಎಲ್ಲಾ ದೊಡ್ಡಕ್ಷರ. ಒಂದೇ ಸರ್ವರ್ ಇದ್ರೆ ಸರಿ, ಎರಡಿದ್ರೆ ಬೇಡ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಯಾವ ಊರಿನ ಮೇಸ್ತ್ರಿ ಜೊತೆ ಮಾತಾಡ್ತಿದ್ದೀನಿ ಅನ್ನೋದು ಮರೆತು ಟೆಸ್ಟ್ ವಿಎಂ ಬದ್ಲು ಬಿಲ್ಲಿಂಗ್ ವಿಎಂ ಆಫ್ ಮಾಡಿದೋರನ್ನ ನೋಡಿದ್ದೀನಿ. ಅದರ ಬದ್ಲು ಮನೆ ಡೈರೆಕ್ಟರಿಯ .ಕಾನ್ಫಿಗ್/ಲಿಬ್‌ವಿರ್ಟ್/ಲಿಬ್‌ವಿರ್ಟ್.ಕಾನ್ಫ್ ಫೈಲಲ್ಲಿ ಯುಆರ್‌ಐ_ಅಲಿಯಾಸಸ್ ಅಂತ ಅಡ್ಡಹೆಸರು ಕೊಡಬಹುದು. ಬ್ಲೂರ್ ಅಂತ ಅಡ್ಡಹೆಸರು ಕೊಟ್ರೆ ಆಗ ವಿರ್ಶ್ -ಸಿ ಬ್ಲೂರ್ ಅಂದ್ರೆ ಸಾಕು, ಪ್ರತಿ ಸಲ ಹೆಸರು ಕೈಯಲ್ಲಿ ಹೊಡೆಯೋದ್ರಿಂದ ತಲೆಗೂ ಗೊತ್ತಿರುತ್ತೆ.

ದಿನದ ಕಮಾಂಡ್‌ಗಳಲ್ಲಿ ಸ್ಟಾರ್ಟ್, ಶಟ್‌ಡೌನ್, ರೀಬೂಟ್, ಆಟೋಸ್ಟಾರ್ಟ್ ಇವಕ್ಕೆಲ್ಲ ವಿವರಣೆ ಬೇಡ. ಹೆಸರು ಕೇಳಿದ್ರೆ ಎದೆ ಧಸಕ್ ಅನ್ನೋದು ಡಿಸ್ಟ್ರಾಯ್. ಅದು ವಿಎಂನ ಅಳಿಸಲ್ಲ, ಕರೆಂಟ್ ವೈರ್ ಕಿತ್ತಂಗೆ ಅಷ್ಟೆ, ಡಿಸ್ಕ್ ಇದ್ದಲ್ಲೇ ಇರುತ್ತೆ. ನಿಜವಾಗ್ಲೂ ಹುಷಾರಾಗಿರಬೇಕಾದ್ದು ಅನ್‌ಡಿಫೈನ್, ಹೆಸರು ಸಾಧು, ಆದ್ರೆ ವಿಎಂನ ಪೂರ್ತಿ ವಿವರಣೆಯನ್ನೇ ಕಿತ್ತಾಕುತ್ತೆ, ಜೊತೆಗೆ --ರಿಮೂವ್-ಆಲ್-ಸ್ಟೋರೇಜ್ ಸೇರಿಸಿದ್ರೆ ಡಿಸ್ಕೂ ಹೋಯ್ತು. ಅದಕ್ಕೇ ನಾನು ವಾರಕ್ಕೊಂದು ಸಲ ಪ್ರತಿ ವಿಎಂಗೂ ವಿರ್ಶ್ ಡಂಪ್‌ಎಕ್ಸ್‌ಎಂಎಲ್ ಮಾಡಿ ಆ ಫೈಲುಗಳನ್ನ ಗಿಟ್‌ನಲ್ಲಿ ಇಡ್ತೀನಿ, 14 ವಿಎಂದು ಸೇರಿದ್ರೂ ಒಂದು ಫೋಟೋದಷ್ಟು ಸೈಜ್ ಆಗಲ್ಲ. ಸೆಟ್ಟಿಂಗ್ ಬದಲಿಸಬೇಕು ಅಂದ್ರೆ ವಿರ್ಶ್ ಎಡಿಟ್ ಬಳಸಿ, /ಇಟಿಸಿ/ಲಿಬ್‌ವಿರ್ಟ್/ಕ್ಯೂಇಎಂಯು ಒಳಗಿನ ಫೈಲನ್ನ ನೇರವಾಗಿ ತಿದ್ದಿದ್ರೆ ಮೇಸ್ತ್ರಿಗೆ ಗೊತ್ತೇ ಆಗಲ್ಲ, ಆಮೇಲೆ ಅವನು ತನ್ನ ಹಳೇದನ್ನೇ ಅದರ ಮೇಲೆ ಬರೆದಾಕ್ತಾನೆ.

ಶಟ್‌ಡೌನ್ ಹೇಳಿದ್ರೂ ವಿಎಂ ಆಫ್ ಆಗ್ತಿಲ್ಲ ಅನ್ನೋದು ಎಲ್ಲರಿಗೂ ಬರೋ ಗೋಳು. ಶಟ್‌ಡೌನ್ ಅಂದ್ರೆ ಪವರ್ ಬಟನ್ ಒತ್ತಿದಂಗೆ ಒಂದು ಎಸಿಪಿಐ ಸಿಗ್ನಲ್ ಹೋಗುತ್ತೆ, ಒಳಗಿರೋ ಓಎಸ್ ಕೇಳಿಸ್ಕೊಂಡ್ರೆ ಉಂಟು ಇಲ್ಲಾಂದ್ರೆ ಇಲ್ಲ. ಪ್ರತಿ ವಿಎಂ ಒಳಗೂ ಕ್ಯೂಇಎಂಯು-ಗೆಸ್ಟ್-ಏಜೆಂಟ್ (ಹೊರಗಿಂದ ಹೇಳಿದ್ದನ್ನ ಒಳಗೆ ಕೇಳಿಸ್ಕೊಳ್ಳೋ ಸಣ್ಣ ಪ್ರೋಗ್ರಾಂ) ಹಾಕಿಡಿ, ಆಗ --ಮೋಡ್ ಏಜೆಂಟ್ ಅಂತ ಹೇಳಿ ಮರ್ಯಾದೆಯಿಂದ ಆಫ್ ಮಾಡಿಸಬಹುದು, ಐಪಿ ವಿಳಾಸ ಕೂಡ ಡೊಮ್‌ಇಫ್ಯಾಡರ್ ಜೊತೆ --ಸೋರ್ಸ್ ಏಜೆಂಟ್ ಹಾಕಿ ಹೊರಗಿಂದಾನೇ ಕೇಳಬಹುದು.

ಈಗ ವಿಎಂ ಒಳಗಡೆ ನೋಡೋದು ಹೆಂಗೆ ಅನ್ನೋದು. ಒಳಗಿನ ಎಸ್‌ಎಸ್‌ಎಚ್ ಸರಿ ಇದ್ರೆ ತೊಂದ್ರೆನೇ ಇಲ್ಲ, ಅದು ಕೆಟ್ಟಾಗ ಏನು ಮಾಡ್ತೀರಿ? ಸುಮಾರು ಜನ ವಿಎನ್‌ಸಿ (ದೂರದ ಸ್ಕ್ರೀನ್ ನೋಡೋ ವ್ಯವಸ್ಥೆ) ಪೋರ್ಟನ್ನ ಇಂಟರ್ನೆಟ್‌ಗೆ ತೆಗೆದಿಟ್ಬಿಡ್ತಾರೆ, ದಯವಿಟ್ಟು ಬೇಡ. ಲಿಬ್‌ವಿರ್ಟ್ ಮಾಮೂಲಾಗಿ ವಿಎನ್‌ಸಿನ 127.0.0.1ರಲ್ಲಿ ಮಾತ್ರ ಇಡುತ್ತೆ, 5900ರಿಂದ ಶುರು ಆಗಿ ವಿಎಂಗೊಂದು ಪೋರ್ಟ್, ಅದನ್ನ ಹಂಗೇ ಬಿಡಿ. ಲ್ಯಾಪ್‌ಟಾಪ್‌ನಲ್ಲಿ ವಿರ್ಟ್-ವ್ಯೂವರ್ ಅಂತ ಹೊಡೆದು -ಸಿ ಹಾಕಿ ಅದೇ ಎಸ್‌ಎಸ್‌ಎಚ್ ವಿಳಾಸ, ಆಮೇಲೆ ವಿಎಂ ಹೆಸರು ಕೊಟ್ರೆ ಅದೇ ಸುರಂಗ ತೋಡ್ಕೊಂಡು ಹೋಗಿ ಸ್ಕ್ರೀನ್ ತೋರಿಸುತ್ತೆ. ಬೇರೆ ವಿಎನ್‌ಸಿ ಸಾಫ್ಟ್‌ವೇರೇ ಬೇಕು ಅಂದ್ರೆ ಮೊದ್ಲು ವಿರ್ಶ್ ವಿಎನ್‌ಸಿಡಿಸ್ಪ್ಲೇ ಅಂತ ಕೇಳಿ, :1 ಅಂತ ಬಂದ್ರೆ ಪೋರ್ಟ್ 5901 ಅಂತ ಅರ್ಥ, ಎಸ್‌ಎಸ್‌ಎಚ್ -ಎಲ್ 5901:127.0.0.1:5901 ಸರ್ವರ್ ಅಂತ ಸುರಂಗ ನೀವೇ ಮಾಡ್ಕೊಳ್ಳಿ, ಈ ಎಲ್ ದೊಡ್ಡಕ್ಷರ.

ಆದ್ರೆ ನಮ್ಮ ಊರಿನ ನೆಟ್‌ನಲ್ಲಿ ವಿಎನ್‌ಸಿ ಅಂದ್ರೆ ಮೌಸ್ ಅಲ್ಲಾಡಿಸಿ ಅಡಿಕೆ ಹಾಕ್ಕೊಂಡು ಕಾಯೋ ಕೆಲಸ. ಅದಕ್ಕೆ ನನಗೆ ಜೀವ ಅಂದ್ರೆ ಸೀರಿಯಲ್ ಕನ್ಸೋಲ್. ವಿರ್ಶ್ ಕನ್ಸೋಲ್ ವಿಎಂ-ಹೆಸರು, ಬರೀ ಅಕ್ಷರ ಓಡಾಡೋದು, 2ಜಿಯಲ್ಲೂ ನಡೆಯುತ್ತೆ. ತೊಂದ್ರೆ ಏನಂದ್ರೆ ಇದನ್ನ ಎಲ್ಲಾ ಸರಿ ಇರೋವಾಗ್ಲೇ ತಯಾರು ಮಾಡಿಟ್ಟಿರಬೇಕು. ವಿಎಂ ಒಳಗೆ ಗ್ರಬ್‌ನ (ಓಎಸ್‌ನ ಎಬ್ಬಿಸೋ ಪ್ರೋಗ್ರಾಂ) ಕರ್ನಲ್ ಸಾಲಿಗೆ ಕನ್ಸೋಲ್=ಟಿಟಿವೈ0 ಕನ್ಸೋಲ್=ಟಿಟಿವೈಎಸ್0,115200 ಸೇರಿಸಿ, ಆ ಎಸ್ ದೊಡ್ಡಕ್ಷರ, ಆಮೇಲೆ ಅಪ್‌ಡೇಟ್-ಗ್ರಬ್, ರೀಬೂಟ್. ಇದನ್ನ ಮಾಡದೇ ಕನ್ಸೋಲ್‌ಗೆ ಹೋದ್ರೆ "ಕನೆಕ್ಟೆಡ್" ಅಂತ ಬರುತ್ತೆ, ಆಮೇಲೆ ಎಷ್ಟು ಎಂಟರ್ ಒತ್ತಿದ್ರೂ ಮೌನ. ಹೊರಗೆ ಬರೋದು ಕಂಟ್ರೋಲ್ ಜೊತೆ ಬಲಗಡೆ ಚೌಕ ಬ್ರಾಕೆಟ್, ಅದು ಗೊತ್ತಿಲ್ದೆ ನಾನು ಮೊದ್ಲೆಲ್ಲ ಟರ್ಮಿನಲ್ಲನ್ನೇ ಕ್ಲೋಸ್ ಮಾಡ್ತಿದ್ದೆ.

ಯಾರೂ ಹೇಳದೇ ಇರೋ ಇನ್ನೊಂದು ಉಪಾಯ ಇದೆ, ವಿರ್ಶ್ ಸ್ಕ್ರೀನ್‌ಶಾಟ್. ವಿಎಂ ಹೆಸರು, ಫೈಲ್ ಹೆಸರು ಕೊಟ್ರೆ ಆ ಕ್ಷಣದ ಸ್ಕ್ರೀನಿನ ಫೋಟೋ ಲ್ಯಾಪ್‌ಟಾಪ್‌ಗೇ ಬಂದು ಬೀಳುತ್ತೆ. ವಿಎಂ ಎಫ್‌ಎಸ್‌ಸಿಕೆಗೆ (ಡಿಸ್ಕ್ ತಪಾಸಣೆ) ಪಾಸ್‌ವರ್ಡ್ ಕೇಳ್ಕೊಂಡು ನಿಂತಿದ್ಯಾ, ವಿಂಡೋಸ್ ಅಪ್‌ಡೇಟ್ ತಿರುಗಿಸ್ತಿದ್ಯಾ, ಕರ್ನಲ್ ಪ್ಯಾನಿಕ್ಕಾ ಅಂತ ಒಂದೇ ಫೋಟೋಲಿ ಗೊತ್ತಾಗುತ್ತೆ. ಕೀ ಒತ್ತಬೇಕಾ, ವಿರ್ಶ್ ಸೆಂಡ್-ಕೀ ಇದೆ, ಕಂಟ್ರೋಲ್ ಆಲ್ಟ್ ಡಿಲೀಟ್ ಕೂಡ ಹೊರಗಿಂದ ಕಳಿಸಬಹುದು. ಒಂದು ಸಲ ಬಸ್‌ನಲ್ಲಿ ಕೂತು ಮೊಬೈಲ್‌ನ ಟರ್ಮಿನಲ್ ಆ್ಯಪ್‌ನಿಂದ ಇವೆರಡರಲ್ಲೇ ಒಂದು ವಿಎಂನ ಎಬ್ಬಿಸಿದ್ದೀನಿ.

ಹೊಸ ವಿಎಂ ಮಾಡೋದೂ ಹಂಗೇ, ಗ್ರಾಫಿಕ್ಸ್ ಇಲ್ದೇ ಮಾಡಿ. ವಿರ್ಟ್-ಇನ್‌ಸ್ಟಾಲ್‌ಗೆ --ಗ್ರಾಫಿಕ್ಸ್ ನನ್, ಆಮೇಲೆ --ಎಕ್ಸ್‌ಟ್ರಾ-ಆರ್ಗ್ಸ್‌ನಲ್ಲಿ ಅದೇ ಟಿಟಿವೈಎಸ್0 ಕನ್ಸೋಲ್. ಇಲ್ಲಿ --ಸಿಡಿರಾಮ್ ಅಲ್ಲ --ಲೊಕೇಶನ್ ಕೊಡಬೇಕು, ಸಿಡಿರಾಮ್ ಜೊತೆ ಎಕ್ಸ್‌ಟ್ರಾ-ಆರ್ಗ್ಸ್ ನಡೆಯಲ್ಲ. ಐಎಸ್‌ಓ ಫೈಲನ್ನ (ಓಎಸ್ ಇನ್‌ಸ್ಟಾಲ್ ಡಿಸ್ಕಿನ ಫೈಲ್) ಲ್ಯಾಪ್‌ಟಾಪ್‌ಗೆ ಇಳಿಸಿ ಅಲ್ಲಿಂದ ಸರ್ವರ್‌ಗೆ ಏರಿಸೋ ದಡ್ಡತನ ಬೇಡ, ಸರ್ವರ್‌ನಲ್ಲೇ ಡಬ್ಲ್ಯುಗೆಟ್ ಹೊಡೀರಿ, ಅಲ್ಲಿ ಎರಡು ನಿಮಿಷ ಇಲ್ಲಿ ಎರಡು ದಿನ.

ಇನ್ನು ಆ ಬಸ್ ಹತ್ತಿದ ಕಥೆ. ವಿಎಂಗಳಿಗೆ ಮೊದಲಿಂದ ಸಿಗೋದು ಡೀಫಾಲ್ಟ್ ನೆಟ್‌ವರ್ಕ್, ವಿರ್‌ಬಿಆರ್0 ಅನ್ನೋ ಸೇತುವೆ, 192.168.122ರ ವಿಳಾಸಗಳು, ನ್ಯಾಟ್ ಹಿಂದೆ ಇರೋದ್ರಿಂದ ಒಳಗಿಂದ ಹೊರಗೆ ಹೋಗಬಹುದು ಹೊರಗಿನಿಂದ ಒಳಗೆ ನೇರವಾಗಿ ಬರೋಕಾಗಲ್ಲ. ಎರಡು ವಿಎಂಗೆ ಪಬ್ಲಿಕ್ ಐಪಿ ಬೇಕು ಅಂತ ಆಯ್ತು, ಅದಕ್ಕೆ ಬಿಆರ್0 ಅಂತ ಬ್ರಿಡ್ಜ್ ಮಾಡಿ ಸರ್ವರ್‌ನ ನಿಜವಾದ ನೆಟ್‌ವರ್ಕ್ ಕಾರ್ಡನ್ನ ಅದರೊಳಗೆ ಸೇರಿಸಿ ಸರ್ವರ್‌ನ ಐಪಿನ ಬ್ರಿಡ್ಜ್ ಮೇಲೆ ಹಾಕಬೇಕು. ಯಾವ ಕಾರ್ಡ್ ಮೇಲೆ ನನ್ನ ಎಸ್‌ಎಸ್‌ಎಚ್ ಬರ್ತಿತ್ತೋ ಅದೇ ಕಾರ್ಡ್ ಅದು, ಕೂತ ಕೊಂಬೆನೇ ಕಡಿಯೋ ಕೆಲಸ. ರಾತ್ರಿ 11 ಗಂಟೆಗೆ ನೆಟ್‌ಪ್ಲ್ಯಾನ್ ಅಪ್ಲೈ (ನೆಟ್‌ವರ್ಕ್ ಸೆಟ್ಟಿಂಗನ್ನ ಜಾರಿ ಮಾಡೋ ಕಮಾಂಡ್) ಅಂತ ಹೊಡೆದೆ, ಕರ್ಸರ್ ನಿಂತಲ್ಲೇ ನಿಂತ್ಕೊಂತು. ಐದು ನಿಮಿಷ ಆಯ್ತು, ಹತ್ತು ನಿಮಿಷ ಆಯ್ತು. ಡೇಟಾ ಸೆಂಟರ್‌ಗೆ ಫೋನ್ ಮಾಡಿದ್ರೆ ಕನ್ಸೋಲ್ ಮುಟ್ಟೋಕೆ ನಮ್ಮ ಕಡೆಯವರೇ ಬರಬೇಕು ಅಂದ್ರು. ಬೆಳಗ್ಗೆ ಹೋಗಿ ಮಾನಿಟರ್ ಹಾಕಿ ನೋಡಿದ್ರೆ ಬ್ರಿಡ್ಜ್ ಚೆನ್ನಾಗೇ ಎದ್ದಿತ್ತು, ಆದ್ರೆ ಅದು ತನ್ನದೇ ಹೊಸ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಇಟ್ಕೊಂಡಿತ್ತು, ಅಲ್ಲಿನ ಸ್ವಿಚ್ ಗೊತ್ತಿಲ್ಲದ ಮ್ಯಾಕ್ ಅಂತ ಬಾಗಿಲು ಹಾಕಿತ್ತು. ನೆಟ್‌ಪ್ಲ್ಯಾನ್ ಫೈಲಲ್ಲಿ ಬ್ರಿಡ್ಜ್ ಕೆಳಗೆ ಮ್ಯಾಕ್‌ಅಡ್ರೆಸ್ ಅಂತ ಕಾರ್ಡಿನ ಹಳೇ ಮ್ಯಾಕ್ ಬರೆದೆ, ಒಂದೇ ಸಾಲು, ಆಗೋಯ್ತು. ಡಿಎಚ್‌ಸಿಪಿ (ಐಪಿನ ತಾನಾಗೇ ಹಂಚೋ ವ್ಯವಸ್ಥೆ) ಇರೋ ಕಡೆ ಇದೇ ತಪ್ಪು ಮಾಡಿದ್ರೆ ಸರ್ವರ್‌ಗೆ ಬೇರೆ ಐಪಿ ಸಿಕ್ಕಿ ಕಳೆದೇ ಹೋಗುತ್ತೆ. ಪಬ್ಲಿಕ್ ಐಪಿ ಬೇಕಾದ ಆ ಎರಡು ವಿಎಂಗಳ ಮ್ಯಾಕ್‌ನೂ ಅಲ್ಲಿಯವರಿಗೆ ಹೇಳಿ ಸ್ವಿಚ್‌ನಲ್ಲಿ ಸೇರಿಸ್ಕೊಂಡು ವಾಪಸ್ ಬಸ್ ಹತ್ತಿದೆ.

ಅವತ್ತಿಂದ ನೆಟ್‌ವರ್ಕ್ ಮುಟ್ಟೋ ಮುಂಚೆ ವಾಪಸ್ ಬರೋ ದಾರಿ ಮಾಡದೇ ಎಂಟರ್ ಒತ್ತಲ್ಲ. ನೆಟ್‌ಪ್ಲ್ಯಾನ್ ಟ್ರೈ ಅಂತ ಇದೆ, 120 ಸೆಕೆಂಡಲ್ಲಿ ನೀವು ಹೂಂ ಅನ್ನಲಿಲ್ಲ ಅಂದ್ರೆ ಹಳೇದಕ್ಕೆ ತಿರುಗುತ್ತೆ, ಆದ್ರೆ ಬ್ರಿಡ್ಜ್‌ಗೆ ಎಸ್‌ಟಿಪಿ ಥರದ ಪ್ಯಾರಾಮೀಟರ್ ಕೊಟ್ಟಿದ್ರೆ ಅದು ನನ್ನ ಕೈಲಾಗಲ್ಲ ಅಂತ ಕೈಯೆತ್ತಬಹುದು. ಅದಕ್ಕೆ ನಾನು ಮಾಡೋದು ಹಿಂಗೆ: ಹಳೇ ಕಾನ್ಫಿಗ್ ಫೈಲನ್ನ ಕಾಪಿ ಮಾಡಿಡ್ತೀನಿ, ಅದನ್ನ ಜಾಗಕ್ಕೆ ವಾಪಸ್ ಹಾಕಿ ಅಪ್ಲೈ ಮಾಡಿ ಕೊನೇಲಿ ರೀಬೂಟ್ ಕೂಡ ಮಾಡೋ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೀತೀನಿ, ಆಮೇಲೆ ಸಿಸ್ಟಮ್‌ಡಿ-ರನ್ --ಯುನಿಟ್=ವಾಪಸ್ --ಆನ್-ಆಕ್ಟಿವ್=5ಮಿನ್ ಅಂತ ಹೇಳಿ ಆ ಸ್ಕ್ರಿಪ್ಟ್ ಕೊಡ್ತೀನಿ. ಬದಲಾವಣೆ ಆದ್ಮೇಲೆ ಹೊಸ ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಯ್ತು ಅಂದ್ರೆ ಸಿಸ್ಟಮ್‌ಸಿಟಿಎಲ್ ಸ್ಟಾಪ್ ವಾಪಸ್.ಟೈಮರ್. ಆಗ್ಲಿಲ್ಲ ಅಂದ್ರೆ ಐದು ನಿಮಿಷ ಕೈ ಕಟ್ಟಿ ಕೂತ್ರೆ ಅದೇ ಸರಿ ಹೋಗುತ್ತೆ. ಹಳೇ ಟರ್ಮಿನಲ್ ಇನ್ನೂ ಜೀವಂತ ಇದೆ ಅಂತ ನಂಬಬೇಡಿ, ಯುಎಫ್‌ಡಬ್ಲ್ಯು ಅನ್ನೋ ಫೈರ್‌ವಾಲ್ ಆನ್ ಮಾಡಿದಾಗ ಹಳೇ ಕನೆಕ್ಷನ್ ಓಡ್ತಾನೇ ಇರುತ್ತೆ, ಹೊಸಬರಿಗೆ ಬಾಗಿಲು ಹಾಕಿರುತ್ತೆ, ಟೆಸ್ಟ್ ಅಂದ್ರೆ ಹೊಸ ಲಾಗಿನ್. ಸರ್ವರ್‌ಗೆ ಐಪಿಎಂಐ, ಐಡ್ರ್ಯಾಕ್, ಐಎಲ್‌ಓ ಯಾವುದಾದ್ರೂ ಇದ್ರೆ ಅದನ್ನ ಹಾಕಿಸ್ಕೊಳ್ಳಿ, ಅದು ಓಎಸ್ ಸತ್ತರೂ ಸರ್ವರ್‌ನ ದೂರದಿಂದ ಮುಟ್ಟೋಕೆ ಬಿಡೋ ಹಿತ್ತಲ ಬಾಗಿಲು, ಆದ್ರೆ ಅದನ್ನ ವಿಪಿಎನ್ ಹಿಂದೆ ಇಡಿ. ಇನ್ನೊಂದು ಚೂರು, ಅದೇ ಹೋಸ್ಟ್‌ನಲ್ಲಿ ಡಾಕರ್ (ಕಂಟೇನರ್ ಓಡಿಸೋ ಸಾಫ್ಟ್‌ವೇರ್) ಹಾಕಿದ್ರೆ ಅದು ಫೈರ್‌ವಾಲ್‌ನ ಫಾರ್ವರ್ಡ್ ನಿಯಮವನ್ನ ಡ್ರಾಪ್ ಅಂತ ಬದಲಿಸಿ ಬ್ರಿಡ್ಜ್‌ನ ವಿಎಂಗಳ ನೆಟ್ ಕಟ್ ಆಗೋದುಂಟು, ಎರಡನ್ನೂ ಒಂದೇ ಕಡೆ ಸಾಕೋಕೆ ಹೋಗಬೇಡಿ, ಡಾಕರ್ ಬೇಕಾದ್ರೆ ಒಂದು ವಿಎಂ ಒಳಗೆ ಹಾಕಿ.

ವಿಎಂ ಇದ್ದಕ್ಕಿದ್ದಂಗೆ ಪಾಸ್ಡ್ (ಪಿ-ಎ-ಯು-ಎಸ್-ಇ-ಡಿ, ನಡುವೆ ತಡೆದು ನಿಂತಿದೆ) ಅಂತ ತೋರಿಸ್ತಿದೆ, ನಾನು ಏನೂ ಮಾಡಿಲ್ಲ ಅಂದ್ರೆ ನೂರಕ್ಕೆ ತೊಂಬತ್ತು ಪಾಲು ಹೋಸ್ಟ್‌ನ ಡಿಸ್ಕ್ ತುಂಬಿದೆ. ಕ್ಯೂಕೌ2 ಡಿಸ್ಕ್ ಇದ್ಯಲ್ಲ, 100 ಜಿಬಿ ಅಂತ ಹೇಳಿದ್ರೂ ಬರೆದಷ್ಟೇ ಜಾಗ ತಿನ್ನುತ್ತೆ, ಆ ಧೈರ್ಯದಲ್ಲಿ ಎಲ್ಲರಿಗೂ 100 100 ಅಂತ ಹಂಚಿರ್ತೀವಿ, ಒಂದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತ್ರೆ ಅನ್ನ ಖಾಲಿ. ವಿರ್ಶ್ ಡೊಮ್‌ಸ್ಟೇಟ್‌ಗೆ --ರೀಸನ್ ಹಾಕಿ ಕೇಳಿ, ಡೊಮ್‌ಬಿಎಲ್‌ಕೆಎರರ್ ಅಂತಾನೂ ಕೇಳಿ, ಜಾಗ ಇಲ್ಲ ಅಂತ ಹೇಳುತ್ತೆ. ಆಗ ರೀಬೂಟ್ ಮಾಡೋಕೆ ಹೋಗಬೇಡಿ, ಡೇಟಾ ಹಾಳಾಗದೇ ಇರಲಿ ಅಂತಾನೇ ಅದು ನಿಂತಿರೋದು. ಹೋಸ್ಟ್‌ನಲ್ಲಿ ಹಳೇ ಐಎಸ್‌ಓ ಲಾಗು ಏನಾದ್ರೂ ಅಳಿಸಿ ಜಾಗ ಮಾಡಿ ವಿರ್ಶ್ ರೆಸ್ಯೂಮ್ ಅಂದ್ರೆ ಬಿಟ್ಟಲ್ಲಿಂದ ಶುರು ಮಾಡುತ್ತೆ, ಒಳಗಿನೋರಿಗೆ ಗೊತ್ತೂ ಆಗಲ್ಲ. ವಿಎಂ ಒಳಗೆ ಫೈಲ್ ಅಳಿಸಿದ್ರೆ ಹೋಸ್ಟ್‌ಗೆ ಜಾಗ ವಾಪಸ್ ಬರಲ್ಲ, ಡಿಸ್ಕಿನ ಸೆಟ್ಟಿಂಗ್‌ನಲ್ಲಿ ಡಿಸ್ಕಾರ್ಡ್=ಅನ್‌ಮ್ಯಾಪ್ ಇದ್ದು ಒಳಗೆ ಎಫ್‌ಎಸ್‌ಟ್ರಿಮ್ ಓಡಿದ್ರೆ ಮಾತ್ರ ಬರುತ್ತೆ.

ಬ್ಯಾಕಪ್‌ಗೆ ನಾನು ಮಾಡೋದು, ವಿಎಂ ಓಡ್ತಿರೋವಾಗ್ಲೇ ವಿರ್ಶ್ ಸ್ನ್ಯಾಪ್‌ಶಾಟ್-ಕ್ರಿಯೇಟ್-ಆ್ಯಸ್‌ಗೆ --ಡಿಸ್ಕ್-ಓನ್ಲಿ --ಅಟಾಮಿಕ್ --ನೋ-ಮೆಟಾಡೇಟಾ, ಏಜೆಂಟ್ ಇದ್ರೆ --ಕ್ವಯೆಸ್ ಕೂಡ. ಅಲ್ಲಿಂದ ಹೊಸ ಬರಹ ಎಲ್ಲ ಒಂದು ಹೊಸ ಫೈಲಿಗೆ ಹೋಗುತ್ತೆ, ಹಳೇ ಡಿಸ್ಕ್ ಫೈಲ್ ಅಲ್ಲಾಡದೇ ಇರುತ್ತೆ, ಅದನ್ನ ಆರ್‌ಸಿಂಕ್ --ಸ್ಪಾರ್ಸ್ ಹಾಕಿ ಇನ್ನೊಂದು ಸರ್ವರ್‌ಗೆ ಕಳಿಸಿ. ಮುಗಿದ್ಮೇಲೆ ವಿರ್ಶ್ ಬ್ಲಾಕ್‌ಕಮಿಟ್ ವಿಎಂ-ಹೆಸರು ವಿಡಿಎ --ಆಕ್ಟಿವ್ --ಪಿವಟ್, ಇಲ್ಲಿ ವಿಡಿಎ ಅನ್ನೋದು ವಿಎಂನ ಡಿಸ್ಕಿನ ಹೆಸರು, ಎರಡೂ ಫೈಲ್ ಒಂದಾಗುತ್ತೆ, ಆಮೇಲೆ ಆ ಮಧ್ಯದ ಫೈಲ್ ಅಳಿಸಿ. ಈ ಕೊನೇ ಹೆಜ್ಜೆ ಮರೆತ್ರೆ ಆ ಫೈಲ್ ಬೆಳೀತಾ ಬೆಳೀತಾ ಮತ್ತೆ ಮೇಲೆ ಹೇಳಿದ ಡಿಸ್ಕ್ ತುಂಬೋ ಕಥೆಗೇ ಬರ್ತೀರಿ. ಸ್ನ್ಯಾಪ್‌ಶಾಟನ್ನ ಅದೇ ಡಿಸ್ಕಲ್ಲಿ ಇಟ್ಕೊಂಡು ಬ್ಯಾಕಪ್ ಇದೆ ಅನ್ನೋರಿಗೆ ನಾನೇನೂ ಹೇಳಲ್ಲ.

ಇಂಥ ಹೊತ್ತು ಹಿಡಿಯೋ ಕೆಲಸ ಯಾವುದನ್ನೂ ಲ್ಯಾಪ್‌ಟಾಪ್‌ನಿಂದ ನೇರ ಓಡಿಸಬೇಡಿ. ಸರ್ವರ್‌ಗೆ ಎಸ್‌ಎಸ್‌ಎಚ್ ಆಗಿ ಟಿಮಕ್ಸ್ (ಟಿ-ಎಂ-ಯು-ಎಕ್ಸ್, ನೆಟ್ ಹೋದ್ರೂ ಟರ್ಮಿನಲ್‌ನ ಜೀವಂತ ಇಡೋ ಪ್ರೋಗ್ರಾಂ) ಒಳಗೆ ಓಡಿಸಿ, ಕಂಟ್ರೋಲ್ ಬಿ ಒತ್ತಿ ಡಿ ಒತ್ತಿ ಬಿಟ್ಟು ಬನ್ನಿ, ನಾಳೆ ಟಿಮಕ್ಸ್ ಅಟ್ಯಾಚ್ ಅಂದ್ರೆ ಅಲ್ಲೇ ಇರುತ್ತೆ. ಲೈವ್ ಮೈಗ್ರೇಷನ್‌ಗಂತೂ (ಓಡ್ತಿರೋ ವಿಎಂನ ಇನ್ನೊಂದು ಸರ್ವರ್‌ಗೆ ಸಾಗಿಸೋದು) ಇದು ಕಡ್ಡಾಯ, ಲ್ಯಾಪ್‌ಟಾಪ್‌ನಿಂದ ವಿರ್ಶ್ ಮೈಗ್ರೇಟ್ ಹೊಡೆದು ಮಧ್ಯದಲ್ಲಿ ನಿಮ್ಮ ನೆಟ್ ಹೋದ್ರೆ ಅದು ಅರ್ಧಕ್ಕೇ ರದ್ದು ಮಾಡೋಕೆ ನೋಡುತ್ತೆ. --ಪಿ2ಪಿ ಹಾಕಿದ್ರೆ ಎರಡು ಸರ್ವರ್‌ಗಳೇ ಮಾತಾಡ್ಕೊಳ್ತವೆ.

ಬ್ರೌಸರ್‌ನಲ್ಲೇ ಬೇಕು ಅನ್ನೋರಿಗೆ ಕಾಕ್‌ಪಿಟ್ ಇದೆ, ಪೋರ್ಟ್ 9090, ಕಾಕ್‌ಪಿಟ್-ಮಷೀನ್ಸ್ ಅನ್ನೋ ಪ್ಯಾಕೇಜನ್ನೂ ಹಾಕಿ, ಇದನ್ನೂ ಎಸ್‌ಎಸ್‌ಎಚ್ ಸುರಂಗದಲ್ಲೇ ತೆಗೀರಿ. ಆಫೀಸಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇರೋರಿಗೆ ನಾನು ಅದನ್ನೇ ಹೇಳೋದು. ಹೊರಡೋ ಮುಂಚೆ ಇನ್ನೊಂದೇ ಒಂದು ಕೆಲಸ ಮಾಡಿ, ಬೇಕಾದ ವಿಎಂಗಳಿಗೆಲ್ಲ ಆಟೋಸ್ಟಾರ್ಟ್ ಇದ್ಯಾ ಅಂತ ವಿರ್ಶ್ ಲಿಸ್ಟ್ --ಆಲ್ --ಆಟೋಸ್ಟಾರ್ಟ್ ಹೊಡೆದು ನೋಡಿ, ಆಮೇಲೆ ಎಲ್ಲರಿಗೂ ಹೇಳಿ ಒಂದು ಭಾನುವಾರ ಬೆಳಗ್ಗೆ ಬೇಕಂತಲೇ ಹೋಸ್ಟನ್ನ ರೀಬೂಟ್ ಮಾಡಿ. ನನ್ನದ್ರಲ್ಲಿ ಹಂಗೆ ಮಾಡಿದಾಗ 14ರಲ್ಲಿ 11 ಎದ್ದವು.